ಕೊಡು ಬೆರಳು, ನೋಡು ಬೆರಳು

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವಾರಕ್ಕೊಂದು ದಿನ ವಾಕ್ ಚಿಕಿತ್ಸೆಗೆಂದು ಕೂರುತ್ತಿದ್ದ ಕಾಲದ ಮಾತು. ಒಬ್ಬ ತಾಯಿ ಗಂಡು ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದರು. ಎರಡು ವರ್ಷ ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು, ಮಾತು ಬಂದಿರಲಿಲ್ಲ. "ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದಿದ್ದಂತೆ. ಬಜೆ ತೇದು ನಾಲಿಗೆಗೆ ಹಚ್ಚು ಸಾಕು ಅಂತಾರೆ ನಮ್ಮತ್ತೆ. ಆದ್ರೂ ಒಂದ್ಸಲ ತೋರಿಸ್ಕೊಂಡು ಹೋಗಾಣ ಅಂತ ಬಂದೆ" ಅಂದರು.

ನನ್ನ ಮುಂದೆ ಇಂಗ್ಲಿಷ್ ಪ್ರಶ್ನಾವಳಿ ಇತ್ತು. ಅದನ್ನು ನೋಡಿಕೊಂಡು, ಬಾಯಲ್ಲೇ ಕನ್ನಡ ಮಾಡಿಕೊಂಡು ಕೇಳುತ್ತಾ ಹೋದೆ. "ಮಗು ಏನನ್ನಾದರೂ ತೋರಿಸ್ತಾನಾ?" "ತೋರಿಸ್ತಾನೆ ಮೇಡಂ. ಬಿಸ್ಕತ್ತಿನ ಡಬ್ಬಿ ಮೇಲಿದ್ರೆ ನನ್ನ ಕೈ ಹಿಡ್ಕೊಂಡು ಎಳ್ಕೊಂಡು ಹೋಗಿ ತೋರಿಸ್ತಾನೆ." ಹೌದು ಎಂಬಲ್ಲಿ ಗುರುತು ಹಾಕಿದೆ. ಕೊನೆಗೆ ಲೆಕ್ಕ ಮಾಡಿದಾಗ ಗಾಬರಿ ಪಡುವಂಥ ಅಂಕವೇನೂ ಬರಲಿಲ್ಲ. ಆರು ತಿಂಗಳು ನೋಡೋಣ ಅಂದೆ. ಅವರು ಮತ್ತೆ ಬಂದದ್ದು ಮಗುವಿಗೆ ನಾಲ್ಕು ವರ್ಷವಾದ ಮೇಲೆ, ಅಂಗನವಾಡಿಯಲ್ಲಿ ಕೂರುವುದಿಲ್ಲ ಎಂದು ಟೀಚರ್ ಕಳಿಸಿದಾಗ. ಮಗುವಿಗೆ ಆಟಿಸಂ ಇತ್ತು. ಎರಡು ವರ್ಷಗಳ ಹಿಂದೆಯೂ ಇತ್ತು. ತಾಯಿ ಸುಳ್ಳು ಹೇಳಿರಲಿಲ್ಲ, ಪ್ರಶ್ನಾವಳಿಯಲ್ಲೂ ದೋಷವಿರಲಿಲ್ಲ. ತಪ್ಪಿದ್ದು ನನ್ನ ಕನ್ನಡದಲ್ಲಿ.

ಆ ಪ್ರಶ್ನಾವಳಿಯ ಹೆಸರು ಎಂ-ಚಾಟ್. ಒಂದು ವರ್ಷ ನಾಲ್ಕು ತಿಂಗಳಿಂದ ಎರಡೂವರೆ ವರ್ಷದವರೆಗಿನ ಮಕ್ಕಳಲ್ಲಿ ಆಟಿಸಂನ ಸುಳಿವು ಇದೆಯೇ ಎಂದು ತಂದೆತಾಯಿಯನ್ನು ಕೇಳಿ ತಿಳಿಯುವ ಸಾಧನ ಇದು. ಬ್ರಿಟನ್ನಿನಲ್ಲಿ 1992ರಲ್ಲಿ ಬಂದ ಚಾಟ್ ಎಂಬ ಪಟ್ಟಿಯಿಂದ ಹುಟ್ಟಿ, 2001ರಲ್ಲಿ ಅಮೆರಿಕದಲ್ಲಿ 23 ಪ್ರಶ್ನೆಗಳ ರೂಪ ಪಡೆದು, 2014ರಲ್ಲಿ ಪರಿಷ್ಕಾರಗೊಂಡು ಈಗ 20 ಪ್ರಶ್ನೆಗಳಾಗಿದೆ. ಹೌದು, ಇಲ್ಲ ಎಂದರೆ ಸಾಕು. ಎರಡಕ್ಕಿಂತ ಹೆಚ್ಚು ಅಂಕ ಬಂದರೆ ಮತ್ತೊಂದು ಸುತ್ತು ಬಿಡಿಸಿ ಕೇಳಬೇಕು. ಎಂಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಜ್ಞರ ಹತ್ತಿರ ಕಳಿಸಬೇಕು. ಇದು ರೋಗನಿರ್ಣಯವಲ್ಲ, ಜರಡಿ. 16,071 ಪುಟ್ಟ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೂ ಸುತ್ತಿನಲ್ಲಿ ಸಿಕ್ಕಿಬಿದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಉಳಿದವರಲ್ಲೂ ಬಹುಪಾಲು ಮಕ್ಕಳಿಗೆ ಬೆಳವಣಿಗೆಯ ಬೇರೆ ಯಾವುದೋ ತೊಂದರೆ ಇತ್ತು.

ಸಕ್ಕರೆ ಕಾಯಿಲೆಗೆ ರಕ್ತ ತೆಗೆದು ನೋಡಿದರಾಯಿತು. ರಾಯಚೂರಿನ ರಕ್ತಕ್ಕೂ ಲಂಡನ್ನಿನ ರಕ್ತಕ್ಕೂ ಒಂದೇ ಯಂತ್ರ ಸಾಕು. ಆಟಿಸಂಗೆ ಅಂಥ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗು ಹೇಗೆ ನೋಡುತ್ತದೆ, ಹೇಗೆ ಕರೆಯುತ್ತದೆ, ಯಾರೊಂದಿಗೆ ಹೇಗೆ ಬೆರೆಯುತ್ತದೆ ಎಂಬುದನ್ನು ನೋಡಿ, ಮನೆಯವರನ್ನು ಕೇಳಿ ತಿಳಿಯಬೇಕು. ಆದ್ದರಿಂದ ಇಲ್ಲಿ ಭಾಷೆಯೇ ಯಂತ್ರ. ಯಂತ್ರದ ಮುಳ್ಳು ಒಂದು ಕೂದಲೆಳೆ ಆಚೀಚೆ ಸರಿದರೂ ಒಂದು ಮಗುವಿನ ಎರಡು ವರ್ಷ ಹೋಗುತ್ತದೆ. ಮಿದುಳು ಬಲು ಬೇಗ ಬೆಳೆಯುವ, ಕಲಿಸಿದ್ದು ಚೆನ್ನಾಗಿ ಹತ್ತುವ ಎರಡು ವರ್ಷ.

ನಾನು ಕೇಳಿದ ಪ್ರಶ್ನೆಗೆ ಮರಳಿ ಬರುತ್ತೇನೆ. ಒಂದು ವರ್ಷದ ಆಸುಪಾಸಿನಲ್ಲಿ ಮಕ್ಕಳ ತೋರುಬೆರಳು ಎರಡು ಕೆಲಸ ಕಲಿಯುತ್ತದೆ. ಒಂದು ಬೇಡುವ ಕೆಲಸ. ಗೂಟಕ್ಕೆ ನೇತುಹಾಕಿದ ಬಾಳೆಗೊನೆಯತ್ತ ಬೆರಳು ಮಾಡಿದರೆ ಅದರ ಅರ್ಥ 'ಕೊಡು'. ಇನ್ನೊಂದು ಹಂಚಿಕೊಳ್ಳುವ ಕೆಲಸ. ಆಕಾಶದಲ್ಲಿ ವಿಮಾನ, ಗೋಡೆ ಮೇಲೆ ಹಲ್ಲಿ, ಬೀದಿಯಲ್ಲಿ ಟ್ರ್ಯಾಕ್ಟರು. ಬೆರಳು ಅತ್ತ, ಕಣ್ಣು ಅಮ್ಮನ ಮುಖದತ್ತ. ಇದರ ಅರ್ಥ 'ನೋಡು'. ಮಗುವಿಗೆ ವಿಮಾನ ಬೇಕಾಗಿಲ್ಲ. ತಾನು ಕಂಡದ್ದನ್ನು ಅಮ್ಮನೂ ಕಾಣಬೇಕು, ಅಷ್ಟೇ. ಆಟಿಸಂ ಇರುವ ಮಕ್ಕಳಲ್ಲಿ ಎಷ್ಟೋ ಸಲ ಈ ನೋಡು ಬೆರಳು ಬಹಳ ತಡವಾಗಿ ಮೂಡುತ್ತದೆ, ಇಲ್ಲವೇ ಮೂಡುವುದೇ ಇಲ್ಲ. ಕೊಡು ಬೆರಳಿನ ಬದಲು ದೊಡ್ಡವರ ಕೈಯನ್ನೇ ಹಿಡಿದು ವಸ್ತುವಿನ ಮೇಲೆ ಇಡುವುದೂ ಉಂಟು. ನನ್ನ ಎದುರಿಗಿದ್ದ ಮಗು ಮಾಡುತ್ತಿದ್ದದ್ದು ಅದನ್ನೇ. ಎಂ-ಚಾಟ್‌ನಲ್ಲಿ ಈ ಎರಡು ಬೆರಳಿಗೂ ಬೇರೆ ಬೇರೆ ಪ್ರಶ್ನೆಗಳಿವೆ, ಒಂದೇ ಬೆರಳಿನಿಂದ ಎಂದು ಸ್ಪಷ್ಟವಾಗಿಯೂ ಬರೆದಿದೆ. ನಾನು ಎರಡನ್ನೂ 'ತೋರಿಸು' ಎಂಬ ಒಂದೇ ಚೀಲಕ್ಕೆ ತುಂಬಿದ್ದೆ. ನಮ್ಮಲ್ಲಿ ಕೈ ಹಿಡಿದು ಕರೆದೊಯ್ದರೂ ತೋರಿಸಿದಂತೆ, ತಂದು ಕೈಗಿತ್ತರೂ ತೋರಿಸಿದಂತೆ, ಆಸ್ಪತ್ರೆಗೆ ಹೋದರೂ ತೋರಿಸಿಕೊಂಡು ಬಂದಂತೆ.

ಹಾಗಾದರೆ 'ಬೊಟ್ಟು ಮಾಡುತ್ತಾನಾ' ಎಂದು ಕೇಳಬಹುದಿತ್ತಲ್ಲ? ಕೇಳಿ ನೋಡಿದ್ದೇನೆ. ಅದರಲ್ಲೂ ತೊಡಕಿದೆ. ಕುಂಬಳದ ಹೀಚಿಗೆ ಬೊಟ್ಟು ಮಾಡಿದರೆ ಕೊಳೆತು ಉದುರುತ್ತದೆ ಎಂದು ನಂಬುವ ಮನೆಗಳಿವೆ. ದೊಡ್ಡವರತ್ತ ಬೆರಳು ಮಾಡಿದರೆ ಕೈ ಮೇಲೆ ಪಟ್ಟನೆ ಒಂದು ಬೀಳುವ ಮನೆಗಳಂತೂ ಊರೂರಲ್ಲಿವೆ. ಯಾರ ಮೇಲಾದರೂ ಬೊಟ್ಟು ಮಾಡುವುದೆಂದರೆ ದೂರುವುದು ಎಂಬ ಅರ್ಥವೂ ಮಾತಿನಲ್ಲಿದೆ. ಅಂಥ ಮನೆಯ ತಾಯಿಗೆ ಆ ಪ್ರಶ್ನೆ ಮಗುವಿನ ನಡತೆಯ ಬಗ್ಗೆ ಕೇಳಿದಂತೆ ಕೇಳಿಸುತ್ತದೆ. "ಇಲ್ಲ ಮೇಡಂ, ಹಾಗೆಲ್ಲ ಮಾಡಲ್ಲ" ಎಂಬ ಉತ್ತರ ತನ್ನ ಮಗುವನ್ನು ಕಾಪಾಡಿಕೊಳ್ಳುವ ಉತ್ತರ. ಮೊದಲನೆಯ ಪದದಲ್ಲಿ ಆಟಿಸಂ ಇರುವ ಮಗು ತಪ್ಪಿಸಿಕೊಳ್ಳುತ್ತದೆ, ಎರಡನೆಯದರಲ್ಲಿ ಇಲ್ಲದ ಮಗು ಸಿಕ್ಕಿಕೊಳ್ಳುತ್ತದೆ.

ಬೇರೆ ಪ್ರಶ್ನೆಗಳ ಕತೆಯೂ ಹೀಗೇ. ಮಗು ಖಾಲಿ ಲೋಟದಿಂದ ಕುಡಿದಂತೆ ಮಾಡುವುದು, ಫೋನಿನಲ್ಲಿ ಮಾತಾಡಿದಂತೆ ಮಾಡುವುದು, ಗೊಂಬೆಗೆ ಉಣಿಸುವುದು, ಇಂಥ ಆಟ ಆಡುತ್ತದೆಯೇ ಎಂದು ಒಂದು ಪ್ರಶ್ನೆ. ನಿಘಂಟು ಹಿಡಿದು ಕನ್ನಡ ಮಾಡಿದರೆ 'ನಟಿಸುತ್ತದೆಯೇ' ಎಂದಾಗುತ್ತದೆ. ಅದನ್ನು ಇನ್ನಷ್ಟು ಸುಲಭ ಮಾಡಲು ಹೋಗಿ 'ನಾಟಕ ಮಾಡ್ತಾನಾ' ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಬಂದ ಉತ್ತರ: "ಅಯ್ಯೋ, ಊಟಕ್ಕೆ ಕೂತರೆ ಇವನ ನಾಟಕ ನೋಡೋಕಾಗಲ್ಲ!" ಅದು ಹಟದ ಮಾತು, ಆಟದ ಮಾತಲ್ಲ. ಮನೆಗಳಲ್ಲಿ ಇದಕ್ಕೆ ಇರುವ ಮಾತು 'ಸುಮ್‌ಸುಮ್ನೆ'. ಸುಮ್‌ಸುಮ್ನೆ ಕಾಫಿ ಕುಡಿಯೋದು, ಸುಮ್‌ಸುಮ್ನೆ ರೊಟ್ಟಿ ಬಡಿಯೋದು, ಕಡ್ಡಿಯನ್ನು ಎತ್ತು ಮಾಡಿ ಗಾಡಿ ಹೊಡೆಯೋದು, ಖಾಲಿ ಮೊರ ಹಿಡಿದು ಅಜ್ಜಿಯ ಹಾಗೆ ಕೇರೋದು. ಗೊಂಬೆಯೇ ಇಲ್ಲದ ಮನೆಯಲ್ಲಿ ದಿಂಬನ್ನು ಮಗು ಮಾಡಿ ತಟ್ಟಿ ಮಲಗಿಸುವುದು. 'ಸುಮ್‌ಸುಮ್ನೆ' ಎಂದ ತಕ್ಷಣ ತಾಯಿಯ ಮುಖದಲ್ಲಿ ಚಿತ್ರ ಮೂಡುವುದು ಕಾಣಿಸುತ್ತದೆ. ಆ ಚಿತ್ರ ಮೂಡುವವರೆಗೆ ಪ್ರಶ್ನೆ ಕನ್ನಡಕ್ಕೆ ಬಂದಿಲ್ಲ ಎಂದೇ ನಾನು ತಿಳಿಯುತ್ತೇನೆ.

ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂದು ನಿಮಗೆಂದಾದರೂ ಅನ್ನಿಸಿದೆಯೇ? ಇದೂ ಒಂದು ಪ್ರಶ್ನೆ. ಕರೆದರೆ ತಿರುಗದ ಮಗುವನ್ನು ಕಂಡು ಬಹಳ ತಂದೆತಾಯಿಗೆ ಮೊದಲು ಬರುವ ಅನುಮಾನ ಇದೇ ಆದ್ದರಿಂದ ಪ್ರಶ್ನೆ ಸರಿಯಾಗಿದೆ. ಆದರೆ ನಮ್ಮ ಹೆಂಗಸರು ಇದಕ್ಕೆ ಕೊಡುವ ಮೊದಲ ಉತ್ತರ "ಬಿಡ್ತು ಅನ್ನಿ". ಹೆತ್ತವಳ ಬಾಯಲ್ಲಿ ಅಂಥ ಮಾತು ಬರಬಾರದು, ಬಂದರೆ ಅಶ್ವಿನಿ ದೇವತೆಗಳು ಅಸ್ತು ಅಂದುಬಿಟ್ಟಾರು. ಅನ್ನಿಸಿದ್ದರೂ ಒಪ್ಪಿಕೊಳ್ಳುವುದಿಲ್ಲ, ಅತ್ತೆ ಪಕ್ಕದಲ್ಲಿ ಕೂತಿದ್ದರೆ ಕೇಳುವುದೇ ಬೇಡ. ಇದನ್ನೇ "ಕರೆದಾಗ ತಿರುಗದೆ ಇದ್ದು, ಕುಕ್ಕರ್ ಸೀಟಿಗೋ ಟೀವಿ ಜಾಹೀರಾತಿಗೋ ಓಡಿ ಬರೋದು ಉಂಟಾ?" ಎಂದು ಕೇಳಿದರೆ ಅಪಶಕುನದ ಮಾತು ತಾಯಿ ಆಡಬೇಕಾಗಿಲ್ಲ. ನಮಗೆ ಬೇಕಾದ ಸಂಗತಿಯ ಬಹುಪಾಲು ಸಿಕ್ಕಿರುತ್ತದೆ.

ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಯಾವ ಹೆಸರು? ನಾಮಕರಣದ ಹೆಸರು ಆಧಾರ್ ಕಾರ್ಡಿನಲ್ಲಿರುತ್ತದೆ. ಮನೆಯಲ್ಲಿ ಮಗು ಪುಟ್ಟ, ಚಿನ್ನು, ಬಂಗಾರಿ, ಕೂಸೇ, ಮಗಾ. ಅಜ್ಜನಿಗೊಂದು ಹೆಸರು, ಅತ್ತೆಗೊಂದು ಹೆಸರು. ಆಸ್ಪತ್ರೆಯ ಚೀಟಿಯಲ್ಲಿದ್ದ ಹೆಸರು ಹಿಡಿದು ನಾವು ಕರೆದರೆ ಎಂಥ ಮಗುವೂ ತಿರುಗಲಿಕ್ಕಿಲ್ಲ. ಕಣ್ಣಿನ ವಿಷಯವೂ ನಾಜೂಕು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಮ್ಮ ಮಾತಿನಲ್ಲಿ ಒಂದೋ ಪ್ರೀತಿ, ಇಲ್ಲವೇ ಎದುರುತ್ತರ. ದಿಟ್ಟಿಸುವುದು ಬೇರೆ, ಎದುರುನೋಡುವುದು ಎಂದರೆ ಕಾಯುವುದು. 'ಮಾತಾಡಿಸಿದರೆ ಮುಖ ನೋಡ್ತಾನಾ' ಎಂಬುದೇ ಮನೆಯ ಮಾತು. ದಿನನಿತ್ಯದ ಸದ್ದಿಗೆ ಮಗು ಕಿರುಚುತ್ತದೆಯೇ ಎಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಕೊಟ್ಟಿರುವ ಉದಾಹರಣೆ ವ್ಯಾಕ್ಯೂಮ್ ಕ್ಲೀನರ್. ನಮಗೆ ಮಿಕ್ಸಿ ಇದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಒಂದು ಪುಟ್ಟ ಸದ್ದು: ಕನ್ನಡದ 'ಹೂಂ'. ನಾವು ಮಾತಿನ ಭರದಲ್ಲಿ ಪ್ರಶ್ನೆಯನ್ನು ಇಲ್ಲ ಎಂಬ ರೂಪದಲ್ಲೇ ಕೇಳಿಬಿಡುತ್ತೇವೆ. "ಬೇರೆ ಮಕ್ಕಳ ಹತ್ರ ಹೋಗಲ್ವಾ?" "ಹೂಂ." ಈ ಹೂಂ ಎಂದರೆ 'ಹೌದು, ಹೋಗಲ್ಲ'. ಇಂಗ್ಲಿಷಿನಲ್ಲಿ ಇದೇ ಪ್ರಶ್ನೆಗೆ ಹೋಗುವುದಿಲ್ಲ ಎನ್ನಬೇಕಾದರೆ ಇಲ್ಲ ಎಂದೇ ಉತ್ತರಿಸಬೇಕು. ಕನ್ನಡದಲ್ಲಿ ಉತ್ತರ ಕೇಳಿದವರ ಮಾತನ್ನು ಒಪ್ಪುತ್ತದೆಯೋ ತಳ್ಳುತ್ತದೆಯೋ ಎಂಬುದರ ಮೇಲೆ ನಿಂತಿದೆ. ಇಂಗ್ಲಿಷ್ ಹಾಳೆ ಕೈಯಲ್ಲಿಟ್ಟುಕೊಂಡು ಕನ್ನಡದಲ್ಲಿ ಕೇಳುವವರು 'ಹೂಂ' ಎಂದದ್ದೇ ಹೌದು ಎಂಬ ಮನೆಯಲ್ಲಿ ಗುರುತು ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸಾಲದ್ದಕ್ಕೆ ಈ ಇಪ್ಪತ್ತರಲ್ಲಿ ಮೂರು ಪ್ರಶ್ನೆಗಳಿಗೆ ಹೌದು ಎಂದರೆ ಸುಳಿವು, ಉಳಿದ ಹದಿನೇಳಕ್ಕೆ ಇಲ್ಲ ಎಂದರೆ ಸುಳಿವು. ದಿನಕ್ಕೆ ನಲವತ್ತು ಮಕ್ಕಳನ್ನು ನೋಡುವ ಒಬ್ಬ ದಾದಿ ಎಲ್ಲಿ ಎಡವುತ್ತಾಳೆಂದು ಯಾವ ಹಾಳೆಯೂ ಹೇಳುವುದಿಲ್ಲ, ಅಂಕ ಮಾತ್ರ ಅಚ್ಚುಕಟ್ಟಾಗಿ ಕಾಣುತ್ತದೆ.

ಭಾಷಾಂತರ ಸರಿಯಾಗಿದೆಯೇ ಎಂದು ನೋಡಲು ಜಗತ್ತಿನಾದ್ಯಂತ ಬಳಸುವ ಒಂದು ಉಪಾಯವಿದೆ. ರಿಚರ್ಡ್ ಬ್ರಿಸ್ಲಿನ್ ಎಂಬ ಮನಶ್ಶಾಸ್ತ್ರಜ್ಞ 1970ರಲ್ಲಿ ವಿವರಿಸಿದ ಮರು ಅನುವಾದ ಅದು. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಮೂಲ ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ದೊಡ್ಡ ತಪ್ಪುಗಳು ಇದರಲ್ಲಿ ಸಿಕ್ಕಿಬೀಳುತ್ತವೆ ಎಂಬುದು ನಿಜ. ಆದರೆ 'ನಿಮ್ಮ ಮಗುವು ನಟನೆಯ ಆಟಗಳಲ್ಲಿ ತೊಡಗುತ್ತದೆಯೇ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಕೊಡಿ, ಅಚ್ಚು ಮೂಲವೇ ವಾಪಸು ಬರುತ್ತದೆ. ತಿರುಗಿಸಿದವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಮಕ್ಕಳ ಬೆಳವಣಿಗೆಯ ಪುಸ್ತಕಗಳನ್ನೂ ಓದಿರುತ್ತಾರೆ, ಆದ್ದರಿಂದ ಕನ್ನಡದ ಹಿಂದಿರುವ ಇಂಗ್ಲಿಷ್ ಅವರಿಗೆ ಕಾಣಿಸುತ್ತದೆ. ಪರೀಕ್ಷೆ ಪಾಸಾಯಿತು. ಸಿಂಧನೂರಿನಂಥ ಊರಿನ ಒಬ್ಬ ತಾಯಿಯನ್ನೂ ಯಾರೂ ಕೇಳಲಿಲ್ಲ.

ಮರು ಅನುವಾದದ ನಂತರವೂ ಮಾಡಬೇಕಾದ ಕೆಲಸವಿದೆ. ಹತ್ತಿಪ್ಪತ್ತು ತಾಯಂದಿರೊಡನೆ ಕೂತು ಒಂದೊಂದು ಪ್ರಶ್ನೆ ಓದಿ, ಉತ್ತರ ಪಡೆದ ಮೇಲೆ, "ಇದನ್ನು ಕೇಳಿದಾಗ ನಿಮಗೆ ಏನು ನೆನಪಾಯ್ತು, ಹೇಳಿ" ಎಂದು ಕೇಳುವುದು. ಹೌದು, ಇಲ್ಲಗಳ ಹಿಂದೆ ಯಾವ ಚಿತ್ರವಿತ್ತು ಎಂದು ತಿಳಿಯುವುದು. ನಿಧಾನದ ಕೆಲಸ. ಪ್ರಶ್ನಾವಳಿಗೆ ಜೀವ ಬರುವುದು ಇಲ್ಲಿಯೇ. ಬಿಸ್ಕತ್ತಿನ ಡಬ್ಬಿಯ ಮಾತು ನನ್ನ ಕಿವಿಗೆ ಬಿದ್ದಿತ್ತು. ನಾನು ಕೇಳದೆಯೇ ಆ ತಾಯಿ ತನ್ನ ಚಿತ್ರ ಬಿಡಿಸಿ ಕೊಟ್ಟಿದ್ದರು. ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ.

ಬೇರೆ ದೇಶಗಳು ಇದನ್ನು ಹೇಗೆ ದಾಟಿದವು ಎಂಬುದು ನಮಗೆ ಪಾಠ. ಹಾಂಕಾಂಗ್‌ನಲ್ಲಿ 2004ರಲ್ಲಿ ಚೀನೀ ಮಕ್ಕಳಿಗೆಂದು ಹೊಂದಿಸಿದ ಪಟ್ಟಿಯಲ್ಲಿ ಹೌದು, ಇಲ್ಲ ಎಂಬ ಎರಡೇ ಮನೆಗಳನ್ನು ಕೈಬಿಟ್ಟು ಎಂದೂ ಇಲ್ಲ, ಅಪರೂಪಕ್ಕೆ, ಸಾಮಾನ್ಯವಾಗಿ, ಆಗಾಗ ಎಂದು ಮೆಟ್ಟಿಲು ಮಾಡಿದರು. ಮಗುವನ್ನು ಕಣ್ಣಾರೆ ನೋಡಿ ಗುರುತು ಹಾಕುವ ಒಂದು ಭಾಗವನ್ನೂ ಹಳೆಯ ಚಾಟ್‌ನಿಂದ ತಂದು ಸೇರಿಸಿಕೊಂಡರು. ಜಪಾನಿನಲ್ಲಿ ಒಂದೂವರೆ ವರ್ಷದ ಮಕ್ಕಳಿಗೆಲ್ಲ ಕಾನೂನಿನಂತೆ ಆರೋಗ್ಯ ತಪಾಸಣೆ ಇದೆ. ಅಲ್ಲಿಯ ಎಂ-ಚಾಟ್‌ಗೆ ಚಿತ್ರಗಳನ್ನು ಜೋಡಿಸಿದರು.

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. ಅಲ್ಲಿ ಮಕ್ಕಳ ಮನೋವೈದ್ಯೆ ಹೇಮಮಾಲಿ ಪೆರೇರಾ ಮತ್ತು ಸಂಗಡಿಗರು ಸಿಂಹಳಕ್ಕೆ ತಂದ ಎಂ-ಚಾಟನ್ನು ಒಂದೂವರೆಯಿಂದ ಎರಡು ವರ್ಷದ ಮಕ್ಕಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟಿಸಂ ಇದ್ದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಆ ಜರಡಿಯಿಂದ ಜಾರಿಹೋಗಿದ್ದರು. ತಾಯಂದಿರು ಎಲ್ಲ ಸರಿಯಾಗಿದೆ ಎಂದೇ ಉತ್ತರಿಸಿದ್ದರು. ಅನುವಾದವನ್ನು ಇನ್ನೊಮ್ಮೆ ತಿದ್ದಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಗುವಿನ ವರ್ತನೆಗಳನ್ನು ಚಿತ್ರಗಳಲ್ಲಿ ತೋರಿಸಿ ತಾಯಿಯನ್ನು ಕೇಳುವ ಹೊಸ ಸಾಧನವನ್ನೇ ಕಟ್ಟಿ 2017ರಲ್ಲಿ ಮುಂದಿಟ್ಟರು. ನನಗೆ ಈ ಹಾದಿ ಬಹಳ ಹಿಡಿಸುತ್ತದೆ. 'ನಿಮ್ಮ ಮಗು ಹೀಗೆ ಮಾಡುತ್ತದಾ, ಹೀಗೆ ಮಾಡುತ್ತದಾ' ಎಂದು ಎರಡು ಚಿತ್ರ ಮುಂದಿಟ್ಟರೆ, ಕೈ ಹಿಡಿದು ಎಳೆಯುವ ಮಗುವಿಗೂ ಬೆರಳು ಚಾಚಿ ಅಮ್ಮನ ಮುಖ ನೋಡುವ ಮಗುವಿಗೂ ಇರುವ ವ್ಯತ್ಯಾಸಕ್ಕೆ ಪದ ಹುಡುಕಬೇಕಾಗಿಲ್ಲ. ಧಾರವಾಡದ 'ಕೂಸಿ'ಗೂ ಮಂಡ್ಯದ 'ಮಗ'ನಿಗೂ ಒಂದೇ ಚಿತ್ರ ನಡೆಯುತ್ತದೆ.

ಪ್ರಶ್ನೆ ತಾಯಿಗೆ ಸರಿಯಾಗಿ ಮುಟ್ಟಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಕೆಲಸ ಮುಗಿಯುವುದಿಲ್ಲ. ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕ ಬಾಕಿ ಇರುತ್ತದೆ. ಅಮೆರಿಕದಲ್ಲಿ ಮೂರು ಅಂಕಕ್ಕೆ ಗೆರೆ ಎಳೆದಿದ್ದಾರೆಂದರೆ ಅಲ್ಲಿಯ ಮಕ್ಕಳನ್ನು ನೋಡಿ ಎಳೆದಿದ್ದಾರೆ. ನಮ್ಮ ಮನೆಗಳ ರೂಢಿಯಿಂದಾಗಿ ಎರಡು ಪ್ರಶ್ನೆಗಳಿಗೆ ಆರೋಗ್ಯವಾಗಿರುವ ಮಕ್ಕಳ ತಾಯಂದಿರೂ 'ಇಲ್ಲ' ಎನ್ನುವುದಾದರೆ, ನಮ್ಮ ಎಲ್ಲ ಮಕ್ಕಳೂ ಎರಡು ಅಂಕ ಹೊತ್ತುಕೊಂಡೇ ಹೊರಟಂತಾಯಿತು. ಗೆರೆ ಎಲ್ಲಿರಬೇಕೆಂದು ಇಲ್ಲಿಯ ಮಕ್ಕಳನ್ನು ನೋಡಿಯೇ ಹೇಳಬೇಕು. ಇದು ಏಕೆ ಕಷ್ಟ? ಸಾವಿರ ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಆಟಿಸಂ ಇದೆ ಎಂದು ಊಹಿಸಿಕೊಳ್ಳಿ. ಜರಡಿಯಲ್ಲಿ ಸಿಕ್ಕ ಮಕ್ಕಳನ್ನು ತಜ್ಞರು ನೋಡಿದರೆ, ಸುಮ್ಮನೆ ಸಿಕ್ಕಿಕೊಂಡವರು ಎಷ್ಟು ಎಂದು ತಿಳಿಯುತ್ತದೆ. ಜಾರಿಹೋದವರು ಎಷ್ಟು ಎಂದು ತಿಳಿಯಬೇಕಾದರೆ? ಸಿಗದೆ ಹೋದ ಒಂಬೈನೂರಕ್ಕೂ ಹೆಚ್ಚು ಮಕ್ಕಳನ್ನು, ಕಡೇಪಕ್ಷ ಅವರಲ್ಲಿ ದೊಡ್ಡದೊಂದು ಪಾಲನ್ನು, ತಜ್ಞರು ಒಬ್ಬೊಬ್ಬರಾಗಿ ಕೂರಿಸಿಕೊಂಡು ನೋಡಬೇಕು. ಅಷ್ಟು ಹಣ, ಅಷ್ಟು ಜನ, ಅಷ್ಟು ತಿಂಗಳು ಒದಗಿಸುವವರು ಕಡಿಮೆ. ಹಾಗಾಗಿ ಅನುವಾದಗಳು ಹಲವಾಗುತ್ತವೆ, ತೂಗಿ ನೋಡಿದವು ಕೆಲವೇ ಇರುತ್ತವೆ.

ತೂಗಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಗೋಯಾಂಗ್ ನಗರ ಸಾಕ್ಷಿ. ಅಲ್ಲಿ ಏಳರಿಂದ ಹನ್ನೆರಡು ವರ್ಷದ ಮಕ್ಕಳನ್ನು ಊರಿಡೀ ಜಾಲಾಡಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನೂರಕ್ಕೆ 2.64 ಮಕ್ಕಳಲ್ಲಿ ಆಟಿಸಂ ಕಂಡಿತು. ಅವರಲ್ಲಿ ಮೂರನೇ ಎರಡರಷ್ಟು ಮಕ್ಕಳು ಯಾವ ಗುರುತೂ, ಯಾವ ನೆರವೂ ಇಲ್ಲದೆ ಸಾಮಾನ್ಯ ಶಾಲೆಗಳಲ್ಲಿ ಕೂತಿದ್ದರು. ಕೊರಿಯಾದಲ್ಲಿ ಆಟಿಸಂ ಕಡಿಮೆ ಎಂದು ಜನ ಅಂದುಕೊಂಡಿದ್ದರೆ, ಅದು ಯಾರೂ ಸರಿಯಾಗಿ ಕೇಳದೇ ಇದ್ದುದರಿಂದ.

ನಮ್ಮ ದೇಶವೂ ಕೈಕಟ್ಟಿ ಕೂತಿಲ್ಲ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ರೂಪಿಸಿದ ಐಸಾ ಎಂಬ 40 ಅಂಶಗಳ ಭಾರತೀಯ ಮಾಪಕವಿದೆ. 70ರಿಂದ 106 ಅಂಕ ಬಂದರೆ ಸೌಮ್ಯ, 153 ದಾಟಿದರೆ ತೀವ್ರ. ಆಟಿಸಂ ಪ್ರಮಾಣಪತ್ರ ಸಿಗುವುದು ಇದರ ಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸವಲತ್ತುಗಳಿಗೆ ಅದೇ ಬಾಗಿಲು. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ತನ್ನದೇ ಪಟ್ಟಿ ಮಾಡಿಕೊಂಡಿದೆ. ಇನ್‌ಕ್ಲೆನ್ ಸಂಸ್ಥೆಯವರು ಎರಡರಿಂದ ಒಂಬತ್ತು ವರ್ಷದ ಮಕ್ಕಳಿಗೆ ಮಾಡಿದ ಸಾಧನ 2014ರಿಂದ ಲಭ್ಯ. ಪಲ್ವಲ್, ಕಾಂಗ್ರಾ, ಢೆಂಕಾನಾಲ್, ಉತ್ತರ ಗೋವಾ, ಹೈದರಾಬಾದ್ ಎಂಬ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಇದೆ. ಆ ಐದರಲ್ಲಿ ಕರ್ನಾಟಕದ ಊರಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಡಾ. ಪ್ರತಿಭಾ ಕಾರಂತ 2000ದಲ್ಲಿ ಆರಂಭಿಸಿದ ಕಮ್ಯುನಿಕೇಶನ್ ಡೀಲ್ ಕಾರ್ಯಕ್ರಮ ಇರುವ ರಾಜ್ಯ ನಮ್ಮದು.

ಇಲ್ಲೇ ಹುಟ್ಟಿದ ಮಾಪಕವಾದರೂ ಕನ್ನಡದ ಕಿವಿ ಬೇಕೇ ಬೇಕು. ಐಸಾದ ಒಂದು ಅಂಶ ಸರ್ವನಾಮ ಅದಲುಬದಲು ಮಾಡುವುದು, ಅಂದರೆ ಮಗು ನಾನು ಎನ್ನಬೇಕಾದಲ್ಲಿ ನೀನು ಎನ್ನುವುದು. ಕನ್ನಡದ ಮಾತಿನಲ್ಲಿ ನಾನು, ನೀನು ಹೆಚ್ಚಾಗಿ ಬರುವುದೇ ಇಲ್ಲ, ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತವೆ. ಹಸಿದ ಮಗು "ಊಟ ಮಾಡ್ತೀನಿ" ಎನ್ನುವ ಬದಲು "ಊಟ ಮಾಡ್ತೀಯಾ?" ಎನ್ನುತ್ತದೆ. ನೀರು ಬೇಕಾದಾಗ "ನೀರು ಬೇಕಾ?" ಎಂದು ಅಮ್ಮನ ದನಿಯಲ್ಲೇ ಕೇಳುತ್ತದೆ. ಸರ್ವನಾಮ ಹುಡುಕುತ್ತಾ ಕೂತವರಿಗೆ ಇದು ಕೇಳಿಸುವುದಿಲ್ಲ. ಇನ್ನೊಂದು ಕಡೆ, "ಅಮ್ಮ ಕೊಡ್ತಾಳೆ ಬಾ, ಅಜ್ಜಿ ಎತ್ಕೋತಾಳೆ ಬಾ" ಎಂದು ದೊಡ್ಡವರೇ ತಮ್ಮನ್ನು ಹೆಸರಿಟ್ಟು ಹೇಳಿಕೊಳ್ಳುವ ಮನೆಯಲ್ಲಿ, "ಪುಟ್ಟಂಗೆ ಬೇಕು" ಎನ್ನುವ ಎರಡೂವರೆ ವರ್ಷದ ಮಗುವಿನಲ್ಲಿ ದೋಷ ಹುಡುಕಬೇಕಾಗಿಲ್ಲ.

ಕನ್ನಡಕ್ಕೆ ಒಂದು ಪಟ್ಟಿಯಾದರೆ ಕರ್ನಾಟಕಕ್ಕೆ ಸಾಕಾಯಿತೇ? 2011ರ ಜನಗಣತಿಯ ಪ್ರಕಾರ ರಾಜ್ಯದ ಸುಮಾರು ಮೂರನೇ ಒಂದರಷ್ಟು ಜನರ ತಾಯ್ನುಡಿ ಕನ್ನಡವಲ್ಲ. ಬಂಟ್ವಾಳದ ತುಳು, ಭಟ್ಕಳದ ನವಾಯತಿ, ಕಲಬುರಗಿಯ ದಖ್ಖನಿ, ತಾಂಡಾಗಳ ಲಂಬಾಣಿ, ಮಡಿಕೇರಿಯ ಕೊಡವ. ಅಂಗನವಾಡಿಯಲ್ಲಿ ಕನ್ನಡದಲ್ಲಿ ಕರೆದರೆ ತಿರುಗದ ಲಂಬಾಣಿ ಮಗು ಗೋರ್ ಬೋಲಿಯಲ್ಲಿ ಕರೆದರೆ ನಗುತ್ತಾ ಓಡಿ ಬರುವುದನ್ನು ನೋಡಿದ್ದೇನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತವೆ, ಬೆಳವಣಿಗೆಯ ತೊಂದರೆಗಳೂ ಅದರ ಪಟ್ಟಿಯಲ್ಲಿವೆ. ಇಷ್ಟು ದೂರ ಬರುವ ವ್ಯವಸ್ಥೆ ಇರುವಾಗ ಕೊನೆಯ ಒಂದು ಗೇಣು, ಪ್ರಶ್ನೆಯ ಭಾಷೆ, ಬಾಕಿ ಉಳಿದಿರುವುದು ನನಗೆ ಸಂಕಟದ ವಿಷಯ. ಮಕ್ಕಳನ್ನು ದಿನವೂ ನೋಡುವ ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆಯನ್ನು ಅನುವಾದದ ಮೇಜಿಗೆ ಕರೆಯಬೇಕು. ತಜ್ಞರಿಗೆ ಆಟಿಸಂ ಗೊತ್ತು. ಮನೆಯ ಮಾತು ಇವರಿಗೆ ಗೊತ್ತು.

ಭಾಷೆಯ ಬಗ್ಗೆಯೇ ಇನ್ನೊಂದು ಮಾತು, ವಿದೇಶದ ಕನ್ನಡಿಗರಿಗೂ ಇದು ಸಲ್ಲುತ್ತದೆ. ಅಮೆರಿಕದಲ್ಲಿ ಒಂದೂವರೆ ಮತ್ತು ಎರಡು ವರ್ಷ ತುಂಬಿದಾಗ ಎಲ್ಲ ಮಕ್ಕಳಿಗೂ ಆಟಿಸಂ ತಪಾಸಣೆ ಮಾಡಬೇಕೆಂದು ಅಲ್ಲಿಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಮ್ಮವರು ಇಂಗ್ಲಿಷ್ ಹಾಳೆಯನ್ನೇ ತುಂಬಿ ಕೊಡುತ್ತಾರೆ, ಮನೆಯಲ್ಲಿ ಮಗುವನ್ನು ಆಡಿಸುವ ಅಜ್ಜಿಯನ್ನು ಕೇಳುವುದಿಲ್ಲ. ತಪಾಸಣೆಯಲ್ಲಿ ಅನುಮಾನ ಬಂದರೆ ಅಲ್ಲೂ ಇಲ್ಲೂ ಯಾರೋ ಒಬ್ಬರು, "ಎರಡು ಭಾಷೆ ಗೊಂದಲ ಮಾಡುತ್ತದೆ, ಕನ್ನಡ ಬಿಡಿ" ಎನ್ನುತ್ತಾರೆ. ಇದಕ್ಕೆ ಆಧಾರವಿಲ್ಲ. ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಕನ್ನಡ ಬಿಡಿಸಿದರೆ ಮಗುವಿನಿಂದ ಅಜ್ಜಿಯನ್ನೂ ಜೋಗುಳವನ್ನೂ ಕಿತ್ತುಕೊಂಡಂತೆ. ತಾಯಿ ತನಗೆ ಒಗ್ಗದ ಭಾಷೆಯಲ್ಲಿ ಮಾತಾಡಿಸಲು ಹೋಗಿ ಮಾತನ್ನೇ ಕಡಿಮೆ ಮಾಡುತ್ತಾಳೆ. ಮಾತು ತಡವಾದ ಮಗುವಿಗೆ ಇದಕ್ಕಿಂತ ದೊಡ್ಡ ಕೇಡು ಬೇರೆ ಯಾವುದು?

ಆಟಿಸಂ ಎನ್ನುವುದಕ್ಕೂ ನಮ್ಮಲ್ಲಿ 'ಸ್ವಲೀನತೆ' ಎಂಬ ಪದ ಮಾಡಿಕೊಂಡಿದ್ದೇವೆ, ತನ್ನೊಳಗೆ ತಾನು ಲೀನ ಎಂದು. ಎಷ್ಟೋ ತಾಯಂದಿರು ಅದನ್ನು ಕೇಳಿ, "ಇಲ್ಲ, ನನ್ನ ಮಗ ನನ್ನನ್ನು ಬಿಟ್ಟಿರಲ್ಲ, ಅವನಿಗೆ ಅದಿಲ್ಲ" ಎಂದದ್ದುಂಟು. ನ್ಯೂಜಿಲೆಂಡಿನ ಕೇರಿ ಓಪೈ ಮಾವೊರಿ ಭಾಷೆಯಲ್ಲಿ ಇದಕ್ಕೆ 'ಟಕಿವಾಟಂಗ' ಎಂಬ ಪದ ಕಟ್ಟಿದರು. ತನ್ನದೇ ಕಾಲ, ತನ್ನದೇ ಜಾಗ ಎಂದು ಅರ್ಥ. ನಾನು ತಂದೆತಾಯಿಯ ಮುಂದೆ ಆಟಿಸಂ ಎಂದೇ ಹೇಳುತ್ತೇನೆ. ತೀರ್ಪು ಹೇಳದ ಕನ್ನಡ ಪದ ಸಿಕ್ಕ ದಿನ ಬದಲಿಸಿಕೊಳ್ಳುತ್ತೇನೆ.

ಮೊನ್ನೆ ಒಂದು ಅಂಗನವಾಡಿಯಲ್ಲಿ ಒಂದು ವರ್ಷ ಹತ್ತು ತಿಂಗಳ ಹೆಣ್ಣು ಮಗು. ತಾಯಿ ಚಾಪೆಯ ಮೇಲೆ ಕೂತಿದ್ದರು, ಮಗು ತೊಡೆಯ ಮೇಲೆ ಕೂತು ಚಪ್ಪಲಿಯ ಬಕಲು ತಿರುಗಿಸುತ್ತಿತ್ತು. ಕೇಳುವ ಕೆಲಸವನ್ನು ಟೀಚರ್‌ಗೇ ಬಿಟ್ಟಿದ್ದೆ. ಅವರು ಹಾಳೆ ನೋಡಲಿಲ್ಲ. ತಮ್ಮ ಕೈಯನ್ನು ಮೇಲಿನ ಕಪಾಟಿನತ್ತ ಚಾಚಿ, "ಅಕ್ಕಾ, ತಿಂಡಿ ಡಬ್ಬಿ ಬೇಕು ಅಂದ್ರೆ ಹೀಗೆ ಬೆರಳು ಮಾಡಿ ಕೊಡು ಅಂತಾಳಾ?" ಅಂದರು. "ಈಗೀಗ ಮಾಡ್ತಾಳೆ." ಆಮೇಲೆ ಕಿಟಕಿಯಾಚೆಗೆ ಬೆರಳು ತಿರುಗಿಸಿ, ಕಣ್ಣನ್ನು ತಾಯಿಯ ಮುಖಕ್ಕೆ ತಂದು, "ಮತ್ತೆ, ಕಾಗೆ ಬಂದ್ರೆ, ವಿಮಾನ ಹೋದ್ರೆ, ಅದು ಬೇಡ ಅವಳಿಗೆ, ಸುಮ್ನೆ ನಿಮಗೆ ತೋರಿಸೋಕೆ, ನೋಡು ನೋಡು ಅಂತ ಹೀಗೆ ಮಾಡಿ ನಿಮ್ಮ ಮುಖ ನೋಡ್ತಾಳಾ?"

ತಾಯಿ ತಕ್ಷಣ ಉತ್ತರ ಕೊಡಲಿಲ್ಲ. ಕಿಟಕಿಯತ್ತ ನೋಡಿದರು, ಮಗುವಿನ ನೆತ್ತಿ ನೋಡಿದರು. "ದೊಡ್ಡೋನು ಮಾಡ್ತಿದ್ದ. ತಲೆ ತಿಂದುಬಿಡ್ತಿದ್ದ, ಅಮ್ಮ ನೋಡು, ಅಮ್ಮ ನೋಡು ಅಂತ" ಅಂದರು. ಮಗುವಿನ ಕೂದಲು ಸರಿ ಮಾಡಿದರು. "ಇವಳು ಮಾಡಿಲ್ಲ ಟೀಚರ್. ಒಂದು ಸಲಾನೂ ಮಾಡಿಲ್ಲ."